ಮಲಕಾರಿಯ ಎಡಗಾಲು

ಕಬ್ಬೂರಿನ ಕುರಿಗಾರ ಮಲಕಾರಿ ಹುಟ್ಟಿದಾಗಿನಿಂದ ಕುರಿಗಳ ವೇಗಕ್ಕೇ ನಡೆದವನು. ಮೂವತ್ತಾರನೆಯ ವಯಸ್ಸಿನಲ್ಲಿ ನಲವತ್ತೆರಡು ಕಿಲೋಮೀಟರ್ ಓಡುವ ಆಸೆ ಅವನಿಗೆ ಹೇಗೆ ಹತ್ತಿತೋ. ೧೯೯೧ರ ಚಳಿಗಾಲದಲ್ಲಿ ಕಾಗವಾಡದಲ್ಲಿ ಮ್ಯಾರಥಾನ್ ಇದೆಯೆಂದು ಯಾರೋ ಹೇಳಿದರು. ಹೋಗಿ ಹೆಸರು ಬರೆಸಿ ಬಂದ.

ಆಗ ಅವನ ಎಂಬತ್ತು ಕುರಿ, ಹೆಂಡತಿ ಸಾವಕ್ಕ, ಮೂರು ವರ್ಷದ ಮಗಳು ತಾರವ್ವ ಕಾಗವಾಡದ ಹತ್ತಿರದ ಜುಗೂಳದಲ್ಲಿ, ಬಾಬಾಸಾಹೇಬರ ಕಬ್ಬು ಕಡಿದ ಹೊಲದಲ್ಲಿ ಬಿಡಾರ ಹೂಡಿದ್ದರು. ರಾತ್ರಿ ಕುರಿ ಅಲ್ಲಿ ಮಲಗಿದರೆ ಹೊಲಕ್ಕೆ ಗೊಬ್ಬರ, ಇವರಿಗೆ ಜೋಳ. ನಸುಕಿನಲ್ಲಿ ಮಲಕಾರಿ ಚಪ್ಪಲಿ ಬಿಟ್ಟು ಕೃಷ್ಣೆಯ ದಂಡೆಗುಂಟ ಓಡುತ್ತಿದ್ದ.

“ಯಾಕೋ ಮಲಕಾರಿ, ತ್ವಾಳ ಬೆನ್ನ ಹತ್ತೈತೇನು?” ಎಂದು ಬಾಬಾಸಾಹೇಬರು ಕೇಳುವರು.

“ಇಲ್ರಿ ಸಾವಕಾರ್ರ, ನಾನ ಅದರ ಬೆನ್ನ ಹತ್ತೇನ್ರಿ.”

ಓಟಕ್ಕೆ ಮೂರು ವಾರವಿರುವಾಗ ಕಬ್ಬಿನ ಕೂಳೆ ಎಡವಿ ಎಡಗಾಲು ಉಳುಕಿತು. ಅರಿಸಿನ ಹಚ್ಚಿ, ಬಟ್ಟೆ ಸುತ್ತಿ, ನಾಲ್ಕನೆಯ ದಿನ ಮತ್ತೆ ಹೊರಟ. ಸಾವಕ್ಕ ತಡೆದಳು.

ಹಟ್ಟಿಯಿಂದ ಕುರಿ ಬಿಡುವಾಗ ಬೆನ್ನು ತಿರುಗಿಸಿ ನಿಂತು, ಗೊರಸಿನ ಸಪ್ಪಳದಲ್ಲೇ ಕುಂಟುವುದನ್ನು ಹಿಡಿಯುವುದು ಅವಳು ತವರಿನಲ್ಲಿ ಕಲಿತ ವಿದ್ಯೆ. ಮುನ್ನೂರಿಪ್ಪತ್ತು ಕಾಲುಗಳಲ್ಲಿ ನೋಯುವ ಒಂದೇ ಕಾಲನ್ನು ಅವಳ ಕಿವಿ ಆರಿಸಿಕೊಳ್ಳುತ್ತಿತ್ತು. ಹತ್ತು ವರ್ಷ ನೋಡಿದರೂ ಮಲಕಾರಿಗೆ ಪ್ರತಿಸಲ ಮೈ ಜುಮ್ಮೆನ್ನುತ್ತಿತ್ತು. ಈಗ ಅವಳು ಅವನಿಗೇ ಬೆನ್ನು ತಿರುಗಿಸಿದಳು.

“ಓಡ್ರಿ, ಆ ಬಾವಿತನಾ.”

ಹಲ್ಲು ಕಚ್ಚಿ, ಒಂದಿಷ್ಟೂ ಕುಂಟದೆ ಓಡಿ ಬಂದ.

“ಎಡಗಾಲು ನೆಲಕ್ಕ ಊರವಲ್ದು. ಕುರಿ ಸುಳ್ಳ ಹೇಳಾಂಗಿಲ್ಲ, ನೀವು ಹೇಳ್ತೀರಿ.”

“ಏ ಸಾವಿ, ನೀ ನನ್ನ ಹೆಂಡ್ತಿಯೋ, ದನದ ಡಾಕ್ಟರೋ?”

“ಓಟದ ಮರುದಿನ ಹೊಸ ಬಿಡಾರಕ್ಕ ಅನಂತಪುರಕ್ಕ ಹೊಂಡಬೇಕು. ಎರಡ ದಿನದ ದಾರಿ. ನಿಮ್ಮ ಕಾಲ ಹೋದ್ರ ಕುರಿ ಹಿಂದ ಯಾರು? ನಾ ಹೋದ್ರ ಕೂಸಿನ ಹಿಂದ ಯಾರು?”

ಅಂದಿನಿಂದ ಹದಿನಾಲ್ಕು ದಿನ ಕೋಲು ಅವಳ ಕೈಯಲ್ಲಿ, ಕೂಸು ಅವನ ಕೈಯಲ್ಲಿ. ಅವನು ಬಡಿದ ರೊಟ್ಟಿಯನ್ನು ತಾರವ್ವ ನಾಯಿಗೆ ಹಾಕಿದಳು. ನಾಯಿ ಮೂಸಿ ನೋಡಿ ಮಲಗಿಕೊಂಡಿತು. ಸಂಜೆ ಮೊಣಕಾಲುವರೆಗೆ ಧೂಳಾಗಿ, ಎಳೆಮರಿ ಹೊತ್ತು ಬರುವ ಸಾವಕ್ಕನನ್ನು ದೂರದಿಂದ ಕಂಡಾಗ ಅವನು ಎದ್ದು ನಿಲ್ಲುತ್ತಿದ್ದ. ಯಾಕೆಂದು ಅವನಿಗೂ ತಿಳಿಯದು.

ಹದಿನೈದನೆಯ ದಿನ ಅವನನ್ನು ಓಡಿಸಿ, ಬೆನ್ನು ತಿರುಗಿಸಿ ಮತ್ತೆ ಸಪ್ಪಳ ಕೇಳಿಸಿಕೊಂಡಳು. “ಆತು. ಆದ್ರ ಅಲ್ಲಿ ನಾ ಇರಾಂಗಿಲ್ಲ. ಎಡಗಾಲಿನ ಸಪ್ಪಳ ಹಗರಾತಂದ್ರ ನಿಲ್ಲಬೇಕು,” ಎಂದು ದೇವರ ಅರಿಸಿನ ಭಂಡಾರ ಮುಟ್ಟಿಸಿ ಆಣೆ ಮಾಡಿಸಿದಳು.

ಓಟದ ದಿನ, ಮೂವತ್ತೆಂಟನೆಯ ಕಿಲೋಮೀಟರಿನಲ್ಲಿ ಅವನ ಮುಂದೆ ನಾಲ್ವರಷ್ಟೇ ಇದ್ದರು. ನೋವೇನೂ ಇರಲಿಲ್ಲ. ಆದರೆ ಡಾಂಬರಿನ ಮೇಲೆ ಬಲಗಾಲು ಧಪ್ ಎಂದರೆ ಎಡಗಾಲು ಬಟ್ಟೆ ಬಿದ್ದಂತೆ ಬೀಳುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಅವನಿಗೆ ತನ್ನ ಕಾಲಿನ ಸಪ್ಪಳ ಕೇಳಿಸಿತು. ಇಷ್ಟು ಸಣ್ಣದನ್ನು ಅವಳು ಕುರಿಗಳ ಆ ಗದ್ದಲದಲ್ಲಿ ಹೇಗೆ ಹಿಡಿಯುತ್ತಾಳೆ ಎಂದು ಬೆರಗಾದ. ಸುತ್ತ ಬೇರಾರಿಗೂ ಅದು ಕೇಳುವಂತಿರಲಿಲ್ಲ. ಅವನು ನಿಂತ. ಆಮೇಲೆ ನಡೆಯತೊಡಗಿದ.

ಹಿಂದಿನವರೆಲ್ಲ ದಾಟಿ ಹೋದರು. “ಚಲಾ ಪಾವ್ಹಣ, ಚಲಾ!” ಎಂದು ಒಬ್ಬ ಮರಾಠಿಯಲ್ಲಿ ಹುರಿದುಂಬಿಸಿ ಕೂಗಿದ. ಕಾಗವಾಡ ಮುಟ್ಟಿದಾಗ ಬ್ಯಾನರ್ ಸುತ್ತಿಡುತ್ತಿದ್ದರು.

“ಎಷ್ಟನೇದವ್ರ ಬಂದ್ರಿ?” ಬಿಡಾರಕ್ಕೆ ಮರಳಿದಾಗ ಸಾವಕ್ಕ ಕೇಳಿದಳು.

“ಎಣಸಾಕ ಯಾರೂ ಇರಲಿಲ್ಲ. ಕಡೀ ನಾಕ ಕಿಲೋಮೀಟರ್ ನಡದೆ.”

ಅವಳು ಅವನ ಎಡಪಾದವನ್ನು ಮಡಿಲಿಗೆಳೆದು ಒತ್ತಿ ನೋಡಿದಳು. ಬಾವು ಇರಲಿಲ್ಲ. ಆದರೂ ಬಹಳ ಹೊತ್ತು ಹಿಡಿದುಕೊಂಡೇ ಕೂತಳು.

ಬೆಳಗಾದಾಗ ಎಂಬತ್ತು ಕುರಿ ಅನಂತಪುರದ ದಾರಿ ಹಿಡಿದವು. ಮಲಕಾರಿ ಮಗಳನ್ನು ಹೆಗಲ ಮೇಲೆ ಕೂಡಿಸಿಕೊಂಡು ಅವುಗಳ ಹಿಂದೆ ನಡೆದ.