ಸೊಟ್ಟ ಸಾಲಿನ ಪರವಾಗಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನ್ನ ಬಳಿ ತೋಟದ ಟ್ರಾಕ್ಟರು ಇತ್ತು, ತೋಟ ಇರಲಿಲ್ಲ. ಮದ್ರಾಸಿನ ಅಡ್ಯಾರಿನ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ನಮ್ಮ ಕೃಷಿಭೂಮಿ ಎಂದರೆ ಬಾಲ್ಕನಿಯ ಎರಡು ತುಳಸಿ ಕುಂಡ, ಒಂದು ಕರಿಬೇವು. ಕರಿಬೇವಿನ ಆರೋಗ್ಯವೂ ಅಷ್ಟಕ್ಕಷ್ಟೆ. ಇಷ್ಟು ಸಂಪತ್ತಿಗೆ ಟ್ರಾಕ್ಟರು ಯಾಕೆ ಎಂದು ಕೇಳಿದವರಿಗೆಲ್ಲ ನಾನು ತಿರುಗಿ ಒಂದು ಪ್ರಶ್ನೆ ಹಾಕುತ್ತಿದ್ದೆ: ಮನೆಯಲ್ಲಿ ಪುಸ್ತಕದ ಕಪಾಟು ಇಟ್ಟುಕೊಂಡವರೆಲ್ಲ ಓದುತ್ತಾರೆಯೇ? ಕೇಳಿದವರು ಮಾತು ಬದಲಾಯಿಸುತ್ತಿದ್ದರು. ಅಡ್ಯಾರಿನಲ್ಲಿ ಕಪಾಟಿಲ್ಲದ ಮನೆ ಇಲ್ಲ.

ಅದು ನನ್ನ ಕೈಗೆ ಬಂದದ್ದು ತೊಂಬತ್ತರ ದಶಕ ಮುಗಿಯುತ್ತಿದ್ದಾಗ. ಇನ್ಶೂರೆನ್ಸ್ ಕಚೇರಿಯವನಾದ ನಾನು, ಸಮುದ್ರದ ನೀರು ಕುಡಿದು ಕೆಟ್ಟ ಸರಕನ್ನು ನೋಡಿ ವರದಿ ಬರೆಯಲು ಆಗಾಗ ರಾಯಪುರಂ ಕಡೆಯ ಗೋದಾಮುಗಳಿಗೆ ಹೋಗಬೇಕಾಗುತ್ತಿತ್ತು. ಅಲ್ಲೊಂದು ಮೂಲೆಯಲ್ಲಿ, ಯಾರೂ ಬಿಡಿಸಿಕೊಳ್ಳದೆ ಹರಾಜಿಗೆ ಬಿದ್ದಿದ್ದ ಜಪಾನಿನ ಕುಳ್ಳ ಟ್ರಾಕ್ಟರು ಕಂಡಿತು. ಕೆಂಪು ಬಣ್ಣ, ದುಂಡು ದೀಪ. ನಲವತ್ತೆಂಟರ ವಯಸ್ಸಿನಲ್ಲಿ ಗಂಡಸು ಪ್ರೇಮದಲ್ಲಿ ಬಿದ್ದರೆ ಮನೆ ಹಾಳು ಎನ್ನುತ್ತಾರೆ. ನಾನು ಬಿದ್ದದ್ದು ಕಬ್ಬಿಣದ ಮೇಲೆ, ಹಾಗಾಗಿ ಪಾರ್ಕಿಂಗ್ ಜಾಗ ಮಾತ್ರ ಹಾಳಾಯಿತು. ಕೈಪಿಡಿ ಪೂರ್ತಿ ಜಪಾನಿಯಲ್ಲಿ. ವೇಗದ ಸನ್ನೆಕೋಲಿನ ಒಂದು ತುದಿಗೆ ಮೊಲದ ಚಿತ್ರ, ಇನ್ನೊಂದು ತುದಿಗೆ ಆಮೆಯದು. ಮೊಲದ ಕಡೆ ತಳ್ಳಿದರೆ ಅದು ಆಮೆಯ ನಡಿಗೆ ನಡೆಯುತ್ತಿತ್ತು, ಆಮೆಯ ಕಡೆ ತಳ್ಳಿದರೆ ನಿಂತೇ ಹೋಗುತ್ತಿತ್ತು.

ಹುಚ್ಚು ಒಬ್ಬನಿಗೇ ಹಿಡಿದರೆ ಚಿಕಿತ್ಸೆ ಮಾಡಿಸುತ್ತಾರೆ, ಐದು ಜನಕ್ಕೆ ಹಿಡಿದರೆ ಸಂಘ ಎನ್ನುತ್ತಾರೆ. ಮದ್ರಾಸಿನ ಕನ್ನಡದವರಲ್ಲೇ ನನ್ನಂತೆ ಕುಳ್ಳ ಟ್ರಾಕ್ಟರು ಸಾಕಿಕೊಂಡವರು ಇನ್ನೂ ನಾಲ್ವರು ಸಿಕ್ಕರು, ಬ್ಯಾಂಕಿನವರು, ರೈಲ್ವೆಯವರು. ನಮ್ಮ ಮುಖಂಡರು ಗುರುಮೂರ್ತಿ. ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ವಿಭಾಗದಲ್ಲಿ ಮೂವತ್ತು ವರ್ಷ ಕಳೆದವರಾದ್ದರಿಂದ, ಎರಡು ಗೆರೆಗಳು ಎಲ್ಲಿ ಕಂಡರೂ ಅವುಗಳ ನಡುವಿನ ಅಂತರ ಅಳೆಯಬೇಕು ಅವರಿಗೆ. ಪ್ರತಿವರ್ಷ ಆಷಾಢದ ಒಂದು ಭಾನುವಾರ ಐದೂ ಟ್ರಾಕ್ಟರುಗಳು, ಐದೂ ಸಂಸಾರಗಳು ಕೇಳಂಬಾಕ್ಕಂ ದಾಟಿ ಏಕಾಂಬರಂ ಎಂಬ ರೈತರ ಕಡಲೆಕಾಯಿ ಹೊಲಕ್ಕೆ ಹೋಗುವುದು, ಸಂಜೆಯವರೆಗೆ ಉಳುವುದು. ನಾವು ಇದನ್ನು ‘ಉಳುಮೆ ಉತ್ಸವ’ ಎನ್ನುತ್ತಿದ್ದೆವು. ನಮ್ಮ ಹೆಂಡತಿಯರು ‘ಮಣ್ಣು ತಿನ್ನೋ ಪಿಕ್ನಿಕ್’ ಎನ್ನುತ್ತಿದ್ದರು.

ಟ್ರಾಕ್ಟರು ಸಾಗಿಸಲು ಭಾನುವಾರ ಸುಲಭವಾಗಿ ಸಿಗುತ್ತಿದ್ದ ಗಾಡಿಗಳು ಕಾಸಿಮೇಡಿನ ಮೀನಿನ ವ್ಯಾನುಗಳು. ಬೆಳಗಿನ ಮೀನಿನ ಹರಾಜು ಮುಗಿದ ಮೇಲೆ ಅವಕ್ಕೆ ಬೇರೆ ಕೆಲಸವಿರಲಿಲ್ಲ. ಮೂರು ನಾಮದ ಮನೆತನದ ಗುರುಮೂರ್ತಿಯವರು ಆ ವ್ಯಾನಿನ ಮುಂದಿನ ಸೀಟಿನಲ್ಲಿ ಪುಳಿಯೋಗರೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಉಸಿರು ಬಿಗಿಹಿಡಿದು ಮಹಾಬಲಿಪುರದ ರಸ್ತೆಯಲ್ಲಿ ಸಾಗುವುದನ್ನು ನೋಡಿದರೆ ಭಕ್ತಿ ಎಂದರೇನು ಎಂದು ಅರ್ಥವಾಗುತ್ತಿತ್ತು.

ಹೊಲ ಮುಟ್ಟಿದ ಮೇಲೆ ಚಕ್ರಗಳಿಗೆ ನಿಂಬೆಹಣ್ಣು, ಆಮೇಲೆ ಒಂದು ಭಾಷಣ. ಭಾಷಣ ನನ್ನದೇ. ಸಂಸ್ಕೃತದಲ್ಲಿ ಸೀತೆ ಎಂದರೆ ನೇಗಿಲ ಸಾಲು, ಜನಕ ಮಹಾರಾಜ ಉಳುವಾಗ ಸಿಕ್ಕಿದವಳು ಎಂದು ಪ್ರತಿವರ್ಷವೂ ಹೇಳುತ್ತಿದ್ದೆ. ನಾವು ಉತ್ತಾಗ ಸಿಕ್ಕಿದ್ದು ಒಂದು ರಬ್ಬರ್ ಚಪ್ಪಲಿ, ಅದೂ ಎಡಗಾಲಿನದು. ಅಂದ ಹಾಗೆ ಜನಕನ ಸಾಲು ನೆಟ್ಟಗಿತ್ತೋ ಸೊಟ್ಟಗಿತ್ತೋ ಯಾವ ಪಂಡಿತರೂ ಬರೆದಿಟ್ಟಿಲ್ಲ. ರಾಜ ಉತ್ತ ಸಾಲನ್ನು ಸೊಟ್ಟ ಎನ್ನಲು ಯಾರಿಗೆ ಧೈರ್ಯ? ಏಕಾಂಬರಂ ಉಳುಮೆಗೆ ‘ಉೞವು’ ಎನ್ನುತ್ತಿದ್ದರು, ನಾಲಿಗೆಯನ್ನು ಹಿಂದಕ್ಕೆ ಮಡಿಸಿ. ಹಳಗನ್ನಡದಲ್ಲಿ ನಮಗೂ ಆ ಅಕ್ಷರವಿತ್ತು. ನಮ್ಮ ಹಿರಿಯರು ಅದನ್ನೂ ಬಿಟ್ಟರು, ನೇಗಿಲನ್ನೂ ಬಿಟ್ಟು ಕಚೇರಿ ಸೇರಿದರು. ಎರಡನ್ನೂ ಒಂದೇ ಭಾನುವಾರದಲ್ಲಿ ವಾಪಸು ತರುವ ಹಟ ನಮ್ಮದು.

ಈ ಹಟಕ್ಕೆ ಕುತ್ತು ಬಂದದ್ದು ನನ್ನ ಹೆಂಡತಿ ಪದ್ಮ ಕಾರು ಕಲಿತ ವರ್ಷ. ಅವಳ ಬ್ಯಾಂಕಿಗೆ ಎರಡು ಬಸ್ಸು ಬದಲಾಯಿಸಬೇಕು. ಹದಿನೇಳು ವರ್ಷ ಬದಲಾಯಿಸಿದ್ದಳು. ಈಗ ಸಣ್ಣ ಕಾರು ಬುಕ್ ಮಾಡಿದ್ದಳು. ಅದನ್ನು ನಿಲ್ಲಿಸಬೇಕಾದ ನಮ್ಮ ಒಂದೇ ಒಂದು ಪಾರ್ಕಿಂಗ್ ಜಾಗದಲ್ಲಿ ನನ್ನ ಕೆಂಪು ಜಪಾನಿ ಕಾಲು ಚಾಚಿ ಕೂತಿತ್ತು.

“ನೋಡಿ, ನಾನು ಅನ್ಯಾಯದೋಳಲ್ಲ,” ಎಂದಳು ಪದ್ಮ. ಅವಳು ಮೈಸೂರಿನವಳು, ಅನ್ಯಾಯವನ್ನೂ ಮರ್ಯಾದೆಯಿಂದಲೇ ಮಾಡುತ್ತಾಳೆ. “ಈ ಸಲ ಒಂದೇ ಒಂದು ಸಾಲು ಬದುವಿನಿಂದ ಬದುವಿಗೆ ನೆಟ್ಟಗೆ ಹೊಡೀರಿ. ಏಕಾಂಬರಂ ನೋಡಿ ಚೆನ್ನಾಗಿದೆ ಅಂದ್ರೆ ಟ್ರಾಕ್ಟರ್ ಇಲ್ಲೇ ಇರ್ಲಿ, ನನ್ ಕಾರು ಬೀದೀಲಿ ಬಿಸಿಲು ಕಾಯ್ಲಿ. ಇಲ್ಲಾಂದ್ರೆ ಜಾಗ ಖಾಲಿ.”

ಒಪ್ಪಿದೆ. ಗುರುಮೂರ್ತಿ ವಾರವಿಡೀ ನನಗೆ ಪಾಠ ಮಾಡಿದರು. ನೇರ ಸಾಲಿನ ಗುಟ್ಟು ಸರಳ: ಎದುರು ಬದುವಿನಲ್ಲಿ ಅಲುಗಾಡದ ಒಂದು ಗುರುತು ಹಿಡಿಯಬೇಕು, ಚಕ್ರ ನೋಡಬಾರದು, ಹಿಂದೆ ನೋಡಬಾರದು, ಗುರುತನ್ನೇ ನೋಡುತ್ತ ಹೋಗಬೇಕು. ನಾನು ನಮ್ಮ ಮಗಳು ಶ್ರುತಿಯ ಕೈಗೆ ಹಳದಿ ಕೊಡೆ ಕೊಟ್ಟು ಎದುರು ಬದುವಿನಲ್ಲಿ ನಿಲ್ಲಿಸಿದೆ. ಹತ್ತನೇ ಕ್ಲಾಸಿನ ಹುಡುಗಿಯನ್ನು ಅಲುಗಾಡದ ವಸ್ತು ಎಂದು ಭಾವಿಸಿದ್ದು ನನ್ನ ಜೀವನದ ದೊಡ್ಡ ತಪ್ಪುಗಳಲ್ಲಿ ಒಂದು.

ಮೊಲಕ್ಕೆ ತಳ್ಳಿ ಹೊರಟೆ. ಕೊಡೆಯ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. ಎಲ್ಲರೂ ಏನೋ ಕೂಗುತ್ತಿದ್ದರು, ಹುರಿದುಂಬಿಸುತ್ತಿದ್ದಾರೆ ಎಂದುಕೊಂಡು ಇನ್ನೂ ಏಕಾಗ್ರನಾದೆ. ಬದು ಮುಟ್ಟಿದಾಗ ನೋಡಿದರೆ ಕೊಡೆ ಬೇವಿನ ಮರದ ನೆರಳಿಗೆ ಬಂದಿತ್ತು, ಅದರ ಹಿಂದೆಯೇ ನಾನೂ ಬಂದಿದ್ದೆ.

“ಅಲ್ಲಾಡಬೇಡ ಅಂತ ಹೇಳಿರಲಿಲ್ವೇನೇ?”

“ನಾನ್ ಎನ್ನಪ್ಪಾ ಪಣ್ಣಟ್ಟುಂ? ಒರೇ ವೆಯ್ಯಿಲ್!” ಎಂದಳು ಶ್ರುತಿ. ಅವಳು ಕನ್ನಡದಲ್ಲಿ ಬೈಸಿಕೊಂಡು ತಮಿಳಿನಲ್ಲಿ ಉತ್ತರ ಕೊಡುವ ಮದ್ರಾಸಿನ ಮಗು. ನಾನೇನು ಮಾಡಲಿ, ಒಂದೇ ಸಮ ಬಿಸಿಲು ಎನ್ನುವುದು ಅವಳ ಸಮಜಾಯಿಷಿ. ಬಿಸಿಲಿದ್ದದ್ದು ನಿಜ.

ಸಾಲು ಅರ್ಧದವರೆಗೆ ನೇರವಾಗಿ ಹೋಗಿ, ಆಮೇಲೆ ಮನಸ್ಸು ಬದಲಾಯಿಸಿತ್ತು. ಗುರುಮೂರ್ತಿ ಟೇಪು ತೆಗೆದವರು ಹಾಗೇ ಜೇಬಿಗೆ ಹಾಕಿಕೊಂಡರು. ಏಕಾಂಬರಂ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ನಡೆದು ನೋಡಿದರು. ಕಚೇರಿಯ ಬಡ್ತಿಯ ಸಂದರ್ಶನದಲ್ಲೂ ನನಗೆ ಅಷ್ಟು ಭಯವಾಗಿರಲಿಲ್ಲ. ಅವರು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು ಒಂದೇ ಮಾತು ಹೇಳಿದರು.

“ಪರವಾಯಿಲ್ಲೆ, ಸಾರ್.”

ಈ ಮಾತು ನಮ್ಮ ಕನ್ನಡದ ‘ಪರವಾಗಿಲ್ಲ’ದ ಅಣ್ಣನೋ ತಮ್ಮನೋ ಇರಬೇಕು. ಎರಡೂ ಭಾಷೆಯಲ್ಲಿ ಅದರ ಕುಲಗೋತ್ರ ಯಾರಿಗೂ ಸರಿಯಾಗಿ ಗೊತ್ತಿಲ್ಲ. ನಿರೀಕ್ಷೆಗಿಂತ ಚೆನ್ನಾಗಿದೆ ಎನ್ನುವುದಕ್ಕೂ ಅದೇ, ಕಾಲು ತುಳಿದವರು ಕ್ಷಮೆ ಕೇಳಿದಾಗ ಹೋಗಲಿ ಬಿಡಿ ಎನ್ನುವುದಕ್ಕೂ ಅದೇ. ನಾನು ಮೊದಲನೆಯ ಅರ್ಥ ಹಿಡಿದು ಕುಣಿದೆ. ಪದ್ಮ ಎರಡನೆಯದನ್ನು ಹಿಡಿದು ಗಂಭೀರವಾಗಿ ತಲೆಯಾಡಿಸಿದಳು.

“ಹೊಗಳಿದ್ದು ಕಣೇ!”

“ಸಮಾಧಾನ ಹೇಳಿದ್ದು. ಪರವಾಗಿಲ್ಲ ಅಂದ್ರೆ ತೀರ್ಪು ನಿಮ್ಮ ಪರವಾಗಿಲ್ಲ ಅಂತ.”

ವಾರವಿಡೀ ಊಟದ ಮೇಜಿನಲ್ಲಿ ಇದೇ. ನಾನು ಏಕಾಂಬರಂ ಧ್ವನಿಯಲ್ಲಿ ಹೆಮ್ಮೆ ತುಂಬಿ ಹೇಳಿ ತೋರಿಸುವುದು, ಅವಳು ಅದನ್ನೇ ಕರುಣೆ ತುಂಬಿ ಹೇಳುವುದು. ಶ್ರುತಿಯನ್ನು ಭಾಷಾತಜ್ಞೆಯಾಗಿ ಕರೆದೆವು. “ಎಲ್ಲಾಂ ಟೋನ್‌ಲ ಇರುಕ್ಕುಪ್ಪಾ,” ಎಂದು ಹೇಳಿ ಅವಳು ಟಿವಿ ಮುಂದೆ ಕುಳಿತಳು. ಎಲ್ಲ ಇರುವುದು ಟೋನಿನಲ್ಲಾದರೆ, ಆ ಟೋನಿನಲ್ಲಿ ಆಡಿದ ಮನುಷ್ಯರನ್ನೇ ಕೇಳುವುದು ವಾಸಿ ಎಂದು ಮುಂದಿನ ಭಾನುವಾರ ನಾನೂ ಪದ್ಮಳೂ ಸ್ಕೂಟರು ಹತ್ತಿ ಕೇಳಂಬಾಕ್ಕಂ ದಾಟಿ ಹೋದೆವು.

ಹೊಲದಲ್ಲಿ ಏಕಾಂಬರಂ ಜೋಡಿ ಎತ್ತು ಹೂಡಿಕೊಂಡು ಉಳುತ್ತಿದ್ದರು. ಖಾಲಿ ಹೊಲವನ್ನಲ್ಲ, ನಾವು ಐದು ಜನ ದಿನವಿಡೀ ಉತ್ತು ಕೈಚಪ್ಪಾಳೆ ತಟ್ಟಿಕೊಂಡು ಹೋಗಿದ್ದ ಹೊಲವನ್ನೇ. ನಮ್ಮ ಸಾಲುಗಳೆಲ್ಲ ಆಗಲೇ ಅಳಿಸಿಹೋಗಿದ್ದವು. ಬೇವಿನ ಮರದ ಕಡೆಯ ನನ್ನ ಸಾಲೊಂದೇ ಉಳಿದಿತ್ತು, ಎತ್ತುಗಳು ಅದರ ಕಡೆಗೇ ಬರುತ್ತಿದ್ದವು.

ನಮ್ಮನ್ನು ಕಂಡು ಅವರು ಎತ್ತು ನಿಲ್ಲಿಸಿ ಟವೆಲು ಕೈಗೆ ತೆಗೆದುಕೊಂಡರು. “ತಪ್ಪಾ ನಿನೈಕ್ಕಾದೀಂಗ, ಸಾರ್. ವರುಷಾ ವರುಷಂ ಇಪ್ಪಡಿದಾನ್,” ಎಂದರು. ತಪ್ಪು ತಿಳಿಯಬೇಡಿ, ಪ್ರತಿವರ್ಷವೂ ಹೀಗೆಯೇ. ನಮ್ಮ ಯಂತ್ರ ಮಣ್ಣಿನ ಮೇಲ್ಮೈಯನ್ನಷ್ಟೇ ಕೆರೆಯುತ್ತದಂತೆ. ಮಕ್ಕಳು ಮರಿ ಖುಷಿಯಾಗಿ ಬರುತ್ತೀರಿ, ಹೇಗೆ ಹೇಳುವುದು ಎಂದು ಅವರು ಇಷ್ಟು ವರ್ಷ ಸುಮ್ಮನಿದ್ದರಂತೆ.

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಪಂದ್ಯ ಪದ್ಮ ಗೆದ್ದಾಗಿತ್ತು, ಅರ್ಥ ಕೇಳುವ ಅಗತ್ಯವೂ ಇರಲಿಲ್ಲ. ಅವಳು ಏನಾದರೂ ಚುಚ್ಚುವ ಮೊದಲೇ ಸ್ಕೂಟರಿನ ಕಡೆ ತಿರುಗಿದೆ. ಹಿಂದಿನಿಂದ ಅವಳ ಧ್ವನಿ ಕೇಳಿತು.

“ನಿಲ್ಸುಂಗೊ!”

ಮೈಸೂರಿನ ಕ್ರಿಯಾಪದಕ್ಕೆ ಮದ್ರಾಸಿನ ಬಾಲ ಕಟ್ಟುವುದು ಅವಳಿಗೆ ಸಿಟ್ಟು ಬಂದಾಗ ಮಾತ್ರ. ಚಪ್ಪಲಿ ಬದುವಿನ ಮೇಲೆ ಬಿಟ್ಟು, ಸೀರೆ ಎತ್ತಿ ಸಿಕ್ಕಿಸಿ, ಎತ್ತುಗಳ ಎದುರು ನನ್ನ ಸಾಲಿನ ಮೇಲೆಯೇ ಹೋಗಿ ನಿಂತಿದ್ದಳು. “ಇವರು ಎವ್ವಳವು ಕಷ್ಟಪಟ್ಟು ಉತ್ತಿರುಕ್ಕಾರು, ತೆರಿಯುಮಾ? ಒಂದು ಸಾಲು ಸೊಟ್ಟ ಆದ್ರೆ ಕಡಲೆಕಾಯಿಗೆ ಎಪ್ಪಡಿ ತೆರಿಯುಂ? ಮಣ್ಣೊಳಗೆ ಅದುಕ್ಕು ಕಣ್ಣು ಇರುಕ್ಕಾ? ಇದನ್ನ ಮುಟ್ಟಕ್ಕೂಡಾದು!” ಇವರು ಎಷ್ಟು ಕಷ್ಟಪಟ್ಟು ಉತ್ತಿದ್ದಾರೆ ಗೊತ್ತೇ, ಸಾಲು ಸೊಟ್ಟ ಎಂದು ಕಡಲೆಕಾಯಿಗೆ ಹೇಗೆ ತಿಳಿಯುತ್ತದೆ, ಇದನ್ನು ಮುಟ್ಟಕೂಡದು ಎಂದು ಅವಳ ವಾದ.

ಏಕಾಂಬರಂ ಅವಳನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ನಕ್ಕು, “ಸರಿಮ್ಮಾ, ಅದು ಇರುಕ್ಕಟ್ಟುಂ,” ಎಂದು ಎತ್ತುಗಳನ್ನು ಪಕ್ಕಕ್ಕೆ ತಿರುಗಿಸಿದರು.

ಮರಳಿ ಬರುವಾಗ ತಿರುವಾನ್ಮಿಯೂರಿನ ಸಿಗ್ನಲ್ಲಿನಲ್ಲಿ ನಾನೇ ಹೇಳಿದೆ, “ಕಾರು ತರಿಸು. ಟ್ರಾಕ್ಟರು ಗುರುಮೂರ್ತಿಗೆ ಕೊಡ್ತೀನಿ. ಅವರ ಮನೆ ಮುಂದೆ ಜಾಗ ಇದೆ.” ಅವಳು ಹಿಂದಿನಿಂದ, “ಬೇಜಾರಾಗಲ್ವಾ?” ಎಂದಳು. ಆಗುತ್ತಿತ್ತು, ಆದರೆ ನಾನು ಹೆದರಿದ್ದಷ್ಟಲ್ಲ. ಇಷ್ಟು ವರ್ಷ ಆ ಯಂತ್ರವನ್ನು ಉಳಿಸಿಕೊಳ್ಳಲು ಪಟ್ಟ ಪಾಡಿನಲ್ಲಿ ನನಗೆ ನಿಜವಾಗಿ ಬೇಕಿದ್ದದ್ದು ಯಂತ್ರವಲ್ಲ ಎಂದು ಆ ಸಿಗ್ನಲ್ಲಿನಲ್ಲಿ ಹೊಳೆಯಿತು. ಮನುಷ್ಯ ಕೇಸು ಸೋಲಬಹುದು. ಎದುರು ಪಕ್ಷದವರೇ ಎದ್ದು ನಿಂತು ತನಗಾಗಿ ವಾದಿಸಿದ ಮೇಲೆ ಗೆದ್ದು ಏನು ಮಾಡಬೇಕು?

ಮುಂದಿನ ತಿಂಗಳು ಕಾರು ಬಂತು. ಪದ್ಮ ಮೊದಲ ದಿನವೇ ಅದನ್ನು ಸೊಟ್ಟಗೆ ನಿಲ್ಲಿಸಿದಳು. ಪಕ್ಕದ ಜಾಗದವರು ಇಳಿದು ಬಂದು, ಚಕ್ರ ಬಿಳಿಯ ಗೆರೆ ದಾಟಿದೆ, ಬೇಕಾದರೆ ನೀವೇ ನೋಡಿ ಎಂದರು. ನಾನು ಬಗ್ಗಿ ನೋಡಿದೆ. ದಾಟಿತ್ತು, ಒಂದು ಗೇಣು. ಎದ್ದು ನಿಂತು, ಪಂಚೆ ಮೇಲೆತ್ತಿ ಕಟ್ಟಿ, ಅವರೊಂದಿಗೆ ಅರ್ಧ ಗಂಟೆ ಜಗಳವಾಡಿದೆ, ಗೆರೆಯನ್ನೇ ಸೊಟ್ಟಗೆ ಎಳೆದಿದ್ದಾರೆ ಎಂದು.