ಬಾತಿ ದಾಟಿದ ಫೋನು

ದೆಹಲಿಗೆ ಬರೆದ ಪತ್ರಕ್ಕೆ ಉತ್ತರ ಬಂತು. ಎರಡೇ ಸಾಲು. ಈ ದೂರನ್ನು ನಿಮ್ಮ ಸ್ಥಳೀಯ ಸಂಸ್ಥೆಗೆ ಸಲ್ಲಿಸಿ ಎಂದು.

ದೂರು ಇಷ್ಟೇ. ನಮ್ಮ ಹಿಂದಿನ ಬೀದಿಯ ಮಂಡಕ್ಕಿ ಭಟ್ಟಿಯಲ್ಲಿ ಹಳೇ ಟೈರು ಉರಿಸುತ್ತಾರೆ. ಬೆಳಗಿನ ಐದಕ್ಕೆ ನಾನು ವಾಕಿಂಗ್ ಹೊರಡುವುದು, ಅವರು ಒಲೆ ಹಚ್ಚುವುದು ಒಂದೇ ಹೊತ್ತಿಗೆ. (ನನ್ನ ಹೊತ್ತು ನಲವತ್ತು ವರ್ಷದಿಂದ ಬದಲಾಗಿಲ್ಲ. ಬದಲಾಗುವುದಿದ್ದರೆ ಅವರು ಬದಲಾಗಲಿ.) ಗಾಳಿ ಕೆಟ್ಟಿರುವುದು ದೇಶದ ಸಮಸ್ಯೆ ಎಂದು ಟಿವಿಯಲ್ಲಿ ದಿನಾ ಹೇಳುತ್ತಾರಲ್ಲ? ಹಾಗಾಗಿ ದೇಶಕ್ಕೇ ಬರೆದಿದ್ದೆ.

ದಾವಣಗೆರೆಯ ಮೇಯರಮ್ಮನ ಮನೆ ನಮ್ಮಿಂದ ಮೂರನೇ ತಿರುವು. ಅದು ಹೊಳೆದೇ ಇರಲಿಲ್ಲ.

ಹೋದೆ. ಭಟ್ಟಿಯಲ್ಲಿ ದುಡಿಯುವ ರುದ್ರಮ್ಮನನ್ನೂ ಕರೆದೊಯ್ದೆ. ಆಕೆಯ ಕೆಮ್ಮೇ ಸಾಕ್ಷಿ ಎಂದುಕೊಂಡಿದ್ದೆ. ಆಕೆ ಮೇಯರ್ ಮುಂದೆ ನನ್ನ ಮೇಲೇ ತಿರುಗಿಬಿದ್ದಳು.

“ಟೈರ್ ಬ್ಯಾಡ ಅಂದ್ರೆ ಭಟ್ಟಿನೇ ಮುಚ್ತೀನಿ ಅಂತಾನ್ರೀ ಸಾವ್ಕಾರ. ಕೆಮ್ಮಿದ್ರೂ ಕೂಲಿ ಬರ್ತೈತೆ. ಮುಚ್ಚಿದ್ರೆ ಈ ಮೇಷ್ಟ್ರು ಕೊಡ್ತಾರಾ?”



ಮೇಯರ್ ಕೇಳಿದ್ದು ಒಂದೇ ಪ್ರಶ್ನೆ. “ಟೈರ್ ಬಿಟ್ರೆ ಏನ್ ಉರಿಸ್ಬೋದವ್ವಾ?”

“ಭತ್ತದ ಹೊಟ್ಟು. ಮೊದ್ಲು ಅದೇ ಇತ್ತು. ಈಗ ಸಿಗಲ್ಲ ಅಂತಾನೆ.”

ಹೊಟ್ಟು ಹರಿಹರದ ಕಡೆಯ ರೈಸ್‌ಮಿಲ್‌ಗಳ ಹಿಂದೆ ಗುಡ್ಡೆ ಬಿದ್ದಿದೆ. ಆದರೆ ದಾರಿಯಲ್ಲಿನ ಬಾತಿ ಊರಿಗೆ ನಮ್ಮ ಪಾಲಿಕೆಯ ಗಡಿ ಮುಗಿಯುತ್ತದೆ; ಹರಿಹರದ್ದು ಬೇರೆ ನಗರಸಭೆ.

“ಬಾತಿ ದಾಟಿದ್ರೆ ನಂದೇನೂ ನಡಿಯಲ್ರೀ ಮೇಷ್ಟ್ರೇ,” ಮೇಯರ್ ನಕ್ಕರು. “ಆದ್ರೆ ಫೋನ್ ಐತಲ್ಲ.”

ನಮ್ಮೆದುರೇ ಹರಿಹರದ ಅಧ್ಯಕ್ಷರಿಗೆ ಫೋನ್ ಮಾಡಿದರು. ಹತ್ತನೇ ದಿನ ಭಟ್ಟಿ ಮುಂದೆ ಹೊಟ್ಟಿನ ಲಾರಿ ನಿಂತಿತ್ತು. ಟೈರು ಹೋಯಿತು, ರುದ್ರಮ್ಮನ ಕೆಲಸ ಉಳಿಯಿತು.

ವಾಕಿಂಗ್ ಜೊತೆಗಾರ ಮಹೇಶಪ್ಪನಿಗೆ ಇದೆಲ್ಲ ತಮಾಷೆ. “ಒಂದ್ ಭಟ್ಟಿ ಹೊಗೆ ನಿಂತ್ರೆ ದೇಶದ ಗಾಳಿ ಶುದ್ಧ ಆಗ್ತೈತೇನಪಾ?”

ಆಗುವುದಿಲ್ಲ. ಆದರೆ ದೇಶ ಎಂಬ ವಿಳಾಸದಲ್ಲಿ ಯಾವ ಭಟ್ಟಿಯೂ ಇಲ್ಲ ಸ್ವಾಮಿ. ಇರುವ ಭಟ್ಟಿಗಳೆಲ್ಲ ಯಾವುದೋ ಊರಿನ, ಯಾವುದೋ ಬೀದಿಯಲ್ಲೇ ಇವೆ. ದೆಹಲಿ ಕಾನೂನು ಬರೆಯಲಿ, ಬೇಡ ಎಂದವರಾರು? ಹೊಟ್ಟು ಎಲ್ಲಿ ಬಿದ್ದಿದೆ ಎಂದು ದೆಹಲಿಗೆ ಗೊತ್ತೇ?

ಹೊಟ್ಟಿಗಿಂತ ಟೈರೇ ಅಗ್ಗ ಎನ್ನುವ ಸಾವ್ಕಾರನಿಗೆ ಮಾತ್ರ ಚಿಂತೆಯಿಲ್ಲ. ಮೇಯರ್ ಅವಧಿ ಒಂದೇ ವರ್ಷ, ಅದೂ ಮುಗಿಯುತ್ತ ಬಂತು. “ಹೊಸಬ್ರು ಬರ್ಲಿ, ಟೈರ್ ತರ್ಸೋಣ” ಎಂದಿದ್ದಾನಂತೆ.

ತರಿಸಲಿ, ನೋಡೋಣ. ನಿನ್ನೆ ರುದ್ರಮ್ಮ ತಾನಾಗಿಯೇ ನಮ್ಮ ಗೇಟಿಗೆ ಬಂದು ಕೇಳಿದಳು: “ಮುಂದಿನ್ ಮೇಯರ್ ಯಾರಂತ್ರೀ ಮೇಷ್ಟ್ರೇ, ಅವ್ರ ಮನಿ ಎಲ್ಲೈತೆ?”