ಗಡಿಯಾರದ ತಂತಿ ಮೇಲೆ ಅಜ್ಜಿಯ ಒದ್ದೆ ಸೀರೆ

ದಾವಣಗೆರೆ ವಿನೋಬನಗರದ ನಮ್ಮ ಮನೆಯಲ್ಲಿ ಒದ್ದೆ ಟವಲಿಗೆ ಸ್ವಂತ ಜಾಗವಿಲ್ಲ. ಇವತ್ತು ಅದು ಇಂಟರ್ನೆಟ್ ಕೇಬಲ್ಲಿನ ಮೇಲೆ ನೇತಾಡುತ್ತಿತ್ತು. ನೇತುಹಾಕಿದ ಮಹಾನುಭಾವ ನಾನೇ. ಒಳಕೋಣೆಯಲ್ಲಿ ಅಮ್ಮ ಫೋನ್ ಮುಂದಿಟ್ಟುಕೊಂಡು ರವಿಕೆ ಕತ್ತರಿಸುವ ಆನ್‌ಲೈನ್ ಕ್ಲಾಸಿನಲ್ಲಿದ್ದಳು. ಟವಲಿನ ಮುಗ್ಗಲು ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹರಿಹರದಲ್ಲಿ ದೊಡ್ಡಪ್ಪನ ಮನೆಯ ಅಂಗಳದಲ್ಲಿದ್ದೆ. ಬಸ್ಸಿಗೆ ಟಿಕೆಟ್ ಬೇಕು ನೋಡಿ, ವಾಸನೆಗೆ ಬೇಡ.

ಆಗ ನಾನು ಒಂಬತ್ತನೇ ಕ್ಲಾಸು ಮುಗಿಸಿದ್ದೆ. ಅಂದರೆ ಜಗತ್ತಿನಲ್ಲಿ ನನಗೆ ಗೊತ್ತಿಲ್ಲದ್ದು ಇನ್ನೇನೂ ಉಳಿದಿರಲಿಲ್ಲ. ಇಷ್ಟೊಂದು ಜ್ಞಾನವನ್ನು ಒಂದೇ ಊರಿನಲ್ಲಿಟ್ಟುಕೊಳ್ಳುವುದು ಸರಿಯಲ್ಲವೆಂದು ರಜೆಗೆ ಹರಿಹರಕ್ಕೆ ಹೋದೆ. ದೊಡ್ಡಪ್ಪನದು ಮಂಡಕ್ಕಿ ವ್ಯಾಪಾರ. ದಾವಣಗೆರೆಯ ಭಟ್ಟಿಗಳಿಂದ ಲಗೇಜ್ ಆಟೋದಲ್ಲಿ ಚೀಲ ತಂದು ಅಂಗಡಿಗಳಿಗೆ ಹಾಕುತ್ತಿದ್ದರು. ಮಂಡಕ್ಕಿ ಲೋಡು ನೀವು ನೋಡಿರುತ್ತೀರಿ. ದೂರದಿಂದ ಗುಡ್ಡವೇ ರಸ್ತೆಗಿಳಿದ ಹಾಗೆ, ಹತ್ತಿರ ಬಂದರೆ ಒಂದೊಂದು ಚೀಲವನ್ನೂ ಕಿರುಬೆರಳಲ್ಲಿ ಎತ್ತಬಹುದು. ನಾನು ಎತ್ತಿದ್ದೇನೆ. ಮಿಕ್ಕ ಒಂಬತ್ತು ಬೆರಳುಗಳು ಸ್ವಲ್ಪ ಸಹಾಯ ಮಾಡಿದವು, ಅಷ್ಟೇ.

ದೊಡ್ಡಪ್ಪನ ಮಗಳು ಗಿರಿಜಕ್ಕ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದಳು. ಅಂಗಳದ ಪಕ್ಕದ ಕೋಣೆಯಿಂದ ಮಂಡಕ್ಕಿ ಚೀಲಗಳನ್ನು ಹೊರಹಾಕಿ, ಮೇಜು ಹಾಕಿಕೊಂಡು, ಪ್ರಾಜೆಕ್ಟಿಗಾಗಿ ಗಡಿಯಾರ ಮಾಡುತ್ತಿದ್ದಳು. ದೊಡ್ಡಪ್ಪನ ಷರತ್ತು ಒಂದೇ.

"ಭಾನುವಾರ ಸಂಜಿಗೆ ನನ್ನ ಫೋನಿಗೂ ನಿನ್ನ ಗಡಿಯಾರಕ್ಕೂ ಒಂದ್ ಸೆಕೆಂಡ್ ಫರಕ್ ಬಂತೋ, ಮೇಜು ಹೊರಗೆ, ಚೀಲ ಒಳಗೆ. ಕಾಲೇಜ್ನೋರಿಗೆ ನಾನೇ ಹೇಳ್ಕಂತೀನಿ."

"ಏನಂತ ಹೇಳ್ತೀರಿ ಅಪ್ಪಾಜಿ?"

"ಮಂಡಕ್ಕಿ ಮೆತ್ತಗಾಗ್ತೈತೆ ಅಂತ."

ಮೇಜು ಹೋದರೆ ಪ್ರಾಜೆಕ್ಟೂ ಹೋದಂತೆಯೇ. ಆ ಮನೆಯಲ್ಲಿ ಬೇರೆಲ್ಲಿ ಏನಿಟ್ಟರೂ ಅದರ ಮೇಲೆ ಯಾರಾದರೂ ಬಂದು ಕೂರುತ್ತಿದ್ದರು.

ಗಡಿಯಾರದ ಜೀವವಿದ್ದದ್ದು ಅಕ್ಕಿಕಾಳಿನಂಥ ಲೋಹದ ಡಬ್ಬಿಯೊಳಗಿನ ಹರಳಿನಲ್ಲಿ. ಕರೆಂಟು ಕೊಟ್ಟರೆ ಅದು ಸೆಕೆಂಡಿಗೆ ಸಾವಿರಾರು ಸಲ ಒಂದೇ ಲಯದಲ್ಲಿ ನಡುಗುತ್ತದೆ. ಆ ನಡುಕವನ್ನು ಎಣಿಸಿಯೇ ಗಡಿಯಾರ ಸಮಯ ಹೇಳುವುದು. ಇದನ್ನು ಕೇಳಿದ ಅಜ್ಜಿ, "ನಡುಗೋ ಹರಳು ಮನ್ಯಾಗ ಇಟ್ಕಬಾರ್ದವ್ವ, ಉಂಗುರ ಮಾಡೋರಿಗೆ ಒಂದ್ಸಲ ತೋರ್ಸು" ಎಂದಳು. ಟೈಮು ಪಡಸಾಲೆಯಲ್ಲೂ ಕಾಣಬೇಕೆಂದು ದೊಡ್ಡಪ್ಪ ಹಟ ಹಿಡಿದದ್ದಕ್ಕೆ ಅಕ್ಕ ಹರಳಿನ ಕಾಲಿನಿಂದಲೇ, ಅಂದರೆ ಡಬ್ಬಿಯಿಂದ ಹೊರಚಾಚಿದ ಲೋಹದ ಎಳೆಯಿಂದಲೇ, ಒಂದು ತಂತಿ ಎಳೆದು, ಅಂಗಳ ದಾಟಿಸಿ, ಅಲ್ಲಿ ಇನ್ನೊಂದು ಅಂಕಿ ಬೋರ್ಡು ಕೂರಿಸಿದ್ದಳು.

ಆ ಗಡಿಯಾರ ಕೆಲವು ದಿನ ಫೋನಿನ ಜೊತೆ ಕಾಲಿಗೆ ಕಾಲು ಸೇರಿಸಿ ನಡೆಯುತ್ತಿತ್ತು. ಕೆಲವು ದಿನ ಎರಡು ಮೂರು ಸೆಕೆಂಡು ಹಿಂದೆ ಬೀಳುತ್ತಿತ್ತು. ಅಕ್ಕ ಹರಳು ಬದಲಿಸಿದಳು. ಹೊಸದೂ ಹಾಗೇ ಮಾಡಿತು.

ವಿಜ್ಞಾನಿಯಾದ ನಾನು ಬಾಯಿ ಬಿಟ್ಟೆ. "ಅಕ್ಕಾ, ಹರಿಹರದ ಕರೆಂಟೇ ಸ್ಲೋ ಐತೆ."

"ದಾವಣಗೆರಿಂದ ಬಂದು ನೀನು ತಿನ್ನೋ ಸ್ಪೀಡಿಗೆ ಹೋಲ್ಸಿದ್ರೆ ಎಲ್ಲಾ ಸ್ಲೋನೇ. ಸುಮ್ನೆ ಕೂಡ್ರು."

ಶನಿವಾರ ಅಕ್ಕ ಗಲ್ಲಕ್ಕೆ ಕೈಯಿಟ್ಟು ಹೊಸ್ತಿಲ ಮೇಲೆ ಕೂತಿದ್ದಳು. ಅಜ್ಜಿ ಒಗೆದ ಸೀರೆಯನ್ನು ಫಟಫಟ ಕೊಡವಿ ಆ ತಂತಿಯ ಮೇಲೆ ಹರವಿದಳು. ಅಕ್ಕ ಹಾವು ಕಂಡವಳಂತೆ ಎದ್ದಳು.

"ಅಜ್ಜಿ, ಬಟ್ಟೆ ಒಗೆದಾಗೆಲ್ಲ ಇದ್ರ ಮೇಲೇ ಹಾಕ್ತೀಯೇನು?"

"ಮತ್ತೆಲ್ಲಿ ಹಾಕ್ಲಿ? ಇಷ್ಟ್ ಚಂದ ತಂತಿ ಕಟ್ಟೀಯ, ನನಗಂತನೇ ಕಟ್ಟೀ ಅಂದ್ಕಂಡಿದ್ದೆ."

ಗಡಿಯಾರ ಹಿಂದೆ ಬೀಳುತ್ತಿದ್ದದ್ದು ಬಟ್ಟೆ ಒಗೆದ ದಿನಗಳಲ್ಲಿ ಮಾತ್ರ!

ಹರಳಿನ ಕಾಲಿಗೆ ಏನು ಜೋಡಿಸಿದರೂ ಅದು ಹರಳಿಗೆ ಲೋಡು, ಲೋಡಿಗೆ ತಕ್ಕಂತೆ ಅದರ ನಡುಕದ ವೇಗ ಕೂದಲೆಳೆಯಷ್ಟು ಬದಲಾಗುತ್ತದೆ ಎಂದು ಅಕ್ಕ ಬಿಡಿಸಿ ಹೇಳಿದಳು. ತಂತಿಯ ಲೋಡನ್ನು ಅವಳು ಮೊದಲೇ ಲೆಕ್ಕಕ್ಕೆ ತಗೊಂಡು ಗಡಿಯಾರ ಹೊಂದಿಸಿದ್ದಳು. ತಂತಿಗೆ ಒದ್ದೆ ಬಟ್ಟೆ ಸುತ್ತಿಕೊಂಡರೆ ಅದು ಹಿಡಿದಿಡುವ ಚಾರ್ಜು ಹೆಚ್ಚಿ ಹರಳು ನಿಧಾನವಾಗುತ್ತದೆ, ಒಣಗಿದರೆ ಮತ್ತೆ ಮೊದಲಿನಂತೆ. "ಲೋಡ್ ಇರೋದು ತಪ್ಪಲ್ಲ, ದಿನಕ್ಕೊಂದು ಥರ ಆಗೋದು ತಪ್ಪು" ಎಂದಳು.

ಬಾಗಿಲಲ್ಲಿದ್ದ ದೊಡ್ಡಪ್ಪನಿಗೆ ತಮ್ಮ ವೃತ್ತಿಗೇ ಅವಮಾನವಾದಂತಾಯಿತು. "ಒಂದು ಸೀರೆ ಲೋಡೇನವ್ವಾ? ನಾನು ಆಟೋನೇ ಕಾಣದಂಗೆ ಚೀಲ ಹೇರ್ತೀನಿ. ಒಂದಿನಾನಾದ್ರೂ ಲೇಟಾಗೀನೇನು?"

"ದಿನಾ ಲೇಟು" ಎಂದಳು ಅಜ್ಜಿ.

"ಹೋಗ್ಲಿ, ಈಗೇನ್ ಮಾಡ್ತಿ?"

"ನಡುವೆ ಒಂದು ಬಫರ್ ಹಾಕ್ತೀನಿ."

"ಬಫೆನಾ? ಎಷ್ಟು ಮಂದಿಗೆ?"

ಬಫರ್ ಎಂದರೆ ಹರಳಿಗೂ ತಂತಿಗೂ ನಡುವೆ ಕೂರುವ ಪುಟ್ಟ ಐ.ಸಿ. ಚಿಪ್. ಹರಳಿನ ಲಯವನ್ನು ತಂತಿಗೆ ದಾಟಿಸುತ್ತದೆ. ತಂತಿ, ಸೀರೆ, ಅಜ್ಜಿ, ಈ ಎಲ್ಲ ಭಾರವನ್ನು ತಾನೇ ಹೊರುತ್ತದೆ. ಹೊರಗೆ ಯಾರು ಏನು ಒಣಹಾಕಿದ್ದಾರೆಂದು ಹರಳಿಗೆ ಗೊತ್ತೇ ಆಗುವುದಿಲ್ಲ.

ಅಕ್ಕ ಅದನ್ನು ಬೆಸೆಯಲು ಕೂತಳು. "ಗಿರಿಜಾ, ಚಾ!" ಎದ್ದಳು, ಕೂತಳು. "ಗಿರಿಜಾ, ನನ್ನ ಕನ್ನಡಕ!" ಎದ್ದಳು. "ಗಿರಿಜಾ, ಚಾರ್ಜರ್ ಎಲ್ಲಿಟ್ಟೀ?" ಕೈಯಲ್ಲಿದ್ದ ಬೆಸುಗೆ ಕಡ್ಡಿ ಕಾಯುತ್ತಲೇ ಇತ್ತು. ನನ್ನಂಥ ಮಹಾಜ್ಞಾನಿಗೂ ಆಗ ಏನೋ ಹೊಳೆಯಿತು. ಹೋಗಿ ಬಾಗಿಲಿಗೆ ಅಡ್ಡ ನಿಂತೆ.

"ಅಕ್ಕ ಬರಲ್ಲ. ಏನಿದ್ರೂ ನನಗೆ ಹೇಳ್ರಿ."

ಚಹಾ ನಾನೇ ಮಾಡಿದೆ. ಅಜ್ಜಿ ಒಂದು ಗುಟುಕು ಕುಡಿದು, "ಇದು ಚಾ ಏನಲೇ, ಪಾತ್ರಿ ತೊಳೆದ ನೀರೇನಲೇ?" ಎಂದಳು. ಆದರೆ ಆ ಸಂಜೆ ಮತ್ತೆ ಯಾರೂ ಏನನ್ನೂ ಕೇಳಲಿಲ್ಲ.

ಹರಳಿನ ಮೇಲಿನ ಲೋಡು ಇಳಿಯಿತಲ್ಲ, ಅಕ್ಕ ಗಡಿಯಾರವನ್ನು ಹೊಸದಾಗಿ ಹೊಂದಿಸಿದಳು. ಭಾನುವಾರ ಬೆಳಿಗ್ಗೆ ದೊಡ್ಡಪ್ಪನ ಫೋನ್ ನೋಡಿ ಅದರ ಟೈಮು ಸರಿಮಾಡಿ, "ಅಜ್ಜಿ, ಒದ್ದೆ ಸೀರೆ ಹಾಕು" ಎಂದಳು. ಅಕ್ಕನಿಗೆ ತಲೆ ಕೆಟ್ಟಿತೆಂದುಕೊಂಡೆ. ಅಜ್ಜಿ ಸೀರೆ ಹಾಕಿದಳು, ದೊಡ್ಡಪ್ಪನ ಪಂಚೆ ಹಾಕಿದಳು, ಉಳಿದ ಜಾಗಕ್ಕೆ ನನ್ನ ಬನಿಯನ್ನೂ ಹಾಕಿದಳು. ಇಡೀ ಮನೆತನದ ಮಾನ ಆ ತಂತಿಯ ಮೇಲೆ ತೊಟ್ಟಿಕ್ಕುತ್ತಿತ್ತು.

ಸಂಜೆ ದೊಡ್ಡಪ್ಪ ಫೋನ್ ಹಿಡಿದು ಗಡಿಯಾರದ ಮುಂದೆ ನಿಂತರು. ಎರಡರ ಅಂಕಿಗಳೂ ಒಟ್ಟಿಗೇ ಮಗುಚಿದವು. ಕಣ್ಣುಜ್ಜಿಕೊಂಡು ಮತ್ತೆ ನೋಡಿದರು. ಮತ್ತೆ ಒಟ್ಟಿಗೇ. ಪಡಸಾಲೆಗೆ ಹೋಗಿ ಅಲ್ಲೂ ನೋಡಿಬಂದರು.

"ಲೇ ಹುಡುಗ" ಎಂದರು ನನ್ನತ್ತ ತಿರುಗಿ, "ಚೀಲ ಎತ್ತು. ನನ್ನ ರೂಮಿಗೆ ಹಾಕು."

ಎತ್ತಿದೆ. ಹತ್ತೂ ಬೆರಳಲ್ಲಿ. ಆ ಮೇಜು ಇವತ್ತಿಗೂ ಅಲ್ಲೇ ಇದೆ. ದೊಡ್ಡಪ್ಪ ಮಂಡಕ್ಕಿಯ ನಡುವೆ ಮಲಗುತ್ತಾರೆ.

ಇಂಟರ್ನೆಟ್ ಕೇಬಲ್ಲಿಗೆ ಟವಲಿನಿಂದ ಏನೂ ಆಗುವುದಿಲ್ಲ, ನನಗೆ ಗೊತ್ತು. ಆದರೂ ತೆಗೆದು ಹೆಗಲ ಮೇಲೆ ಹಾಕಿಕೊಂಡೆ. ಅಷ್ಟರಲ್ಲಿ ಅಪ್ಪ ಪಡಸಾಲೆಯಿಂದ, "ಚಾ ಎಲ್ಲಿ? ಕೇಳ್ತೈತೇನೇ?" ಎಂದು ಒಳಕೋಣೆಯ ಕಡೆ ಕೂಗಿದರು. ನಾನು ಹೋಗಿ ಅಡ್ಡ ನಿಂತೆ.

"ಅಮ್ಮ ಕ್ಲಾಸಲ್ಲೈತೆ. ಏನಿದ್ರೂ ನನಗೆ ಹೇಳ್ರಿ."

ಅಪ್ಪ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀನು ಮಾಡ್ತೀಯ? ಹಂಗಾದ್ರೆ ಬ್ಯಾಡ ಬಿಡು."

ಒಳಗೆ ಅಮ್ಮನ ಕತ್ತರಿ ಲಯ ತಪ್ಪದೆ ನಡೆದಿತ್ತು.